ಮೂರು ಸೆಕೆಂಡು ತಡವಾದ ನೆರಳು

ಹಲ್ಲಿನಲ್ಲಿ ಕಚ್ಚಿ ಹರಿದ ಟೇಪಿನ ತುಂಡು ತುಟಿಗೇ ಅಂಟಿಕೊಂಡಿತು, ಥೂ, ಒಂದು ಕೈಯಲ್ಲಿ ವೈರು, ಇನ್ನೊಂದರಲ್ಲಿ ಟಾರ್ಚು, ಮೇಜಿನ ಕೆಳಗೆ ಬೋರಲು ಮಲಗಿದ ನನಗೆ ಕಾಣುವುದು ಬರೀ ಕಾಲುಗಳು, ಬಾಗಿಲಾಚೆ ಸಾಲುನಿಂತ ಕಪ್ಪು ಬೂಟು, ಕಪ್ಪು ಬೂಟು, ಎತ್ತರದ ಹಿಮ್ಮಡಿಯ ಕಪ್ಪು ಷೂ, ಈಚೆಗೆ ಅವಳ ಸವೆದ ಹವಾಯಿ ಚಪ್ಪಲಿ — ತನ್ನದೇ ಪ್ರದರ್ಶನದ ಮೊದಲ ದಿನ ಹವಾಯಿ ಚಪ್ಪಲಿಯಲ್ಲಿ ಬರುವ ಧೈರ್ಯ ನನ್ನ ತಂಗಿಗಲ್ಲದೆ ಇನ್ಯಾರಿಗಿದೆ, ಅದನ್ನೂ ಜನ ಮೆಚ್ಚುತ್ತಾರೆ, ಎಷ್ಟು ಸಹಜ ನೋಡಿ ಅನ್ನುತ್ತಾರೆ, ಅದೇ ಚಪ್ಪಲಿಯಲ್ಲಿ ನಾನು ಬಂದಿದ್ದರೆ ಕಸ ಗುಡಿಸುವವಳು ಅಂದುಕೊಂಡು ಪೊರಕೆ ಕೊಡುತ್ತಿದ್ದರು. ಅಕ್ಕಾ, ಎಲ್ಲ ಸರಿ ಇದೆಯಾ? ಮೊದಲು ಮೊಣಕಾಲು ಬಂತು, ಆಮೇಲೆ ತಲೆಕೆಳಗಾದ ಮುಖ, ನಿದ್ದೆಗೆಟ್ಟ ಕಣ್ಣು, ಆದರೂ ನಗು. ಹ್ಞೂಂ ಕಣೇ, ಸರಿ ಇದೆ. ಬೆಳಗ್ಗೆಯಿಂದ ಇದು ಮೂರನೆಯ ಹ್ಞೂಂ, ಮೂರೂ ಸುಳ್ಳು.

ಸುಳ್ಳಾ, ಪೂರ್ತಿ ಸುಳ್ಳಲ್ಲ, ವೈರು ಸರಿ ಇದೆ, ಪ್ರೊಜೆಕ್ಟರ್ ಸರಿ ಇದೆ, ಬಡಗಿಯಣ್ಣ ಕಟ್ಟಿಕೊಟ್ಟ ಬಿಳಿ ಗೋಡೆ ಒಂದು ನೂಲೂ ವಾಲಿಲ್ಲ, ನೀವು ಅದರ ಮುಂದೆ ನಿಂತು ಕೈ ಎತ್ತಿದರೆ ಮೂರು ಸೆಕೆಂಡು ಬಿಟ್ಟು ನಿಮ್ಮ ನೆರಳು ಅದರ ಮೇಲೆ ಕೈ ಎತ್ತುತ್ತದೆ, ಅಷ್ಟೇ, ಇಷ್ಟೇ ಇದರ ಹೂರಣ, ಈ ಮೂರು ಸೆಕೆಂಡಿಗೆ ಪೇಪರಿನಲ್ಲಿ ಅರ್ಧ ಪುಟ. ಅಮ್ಮ ಫೋನು ಮಾಡಿ, ನಿನ್ನ ತಂಗಿ ಫೋಟೋ ಎಷ್ಟು ಚೆನ್ನಾಗಿ ಬಂದಿದೆ ಕಣೇ, ಪಕ್ಕದಲ್ಲಿ ನಿನ್ನ ಮೊಣಕೈಯೂ ಕಾಣ್ತಿದೆ ನೋಡು. ಮೊಣಕೈ, ಅಮ್ಮ ಅದನ್ನೂ ಗುರುತು ಹಿಡಿದಳಲ್ಲ, ಖುಷಿಪಡಬೇಕಿತ್ತು ನಾನು. ಗೋಡೆ ಮೊದಲು ಎದ್ದುನಿಂತ ದಿನ ಬಡಗಿಯಣ್ಣ ಅದರ ಮುಂದೆ ಕೈ ಬೀಸಿ ಬೀಸಿ ಸೋತು ಅಂದಿದ್ದ, ಏನಮ್ಮಾ ಇದು, ನಿಮ್ಮ ಗೋಡೆಗಿಂತ ನಮ್ಮನೆ ನಾಯಿ ಬೇಗ ಗುರುತು ಹಿಡಿಯುತ್ತೆ. ನನ್ನ ಮುಖ ಕೆಂಪಾಗಿತ್ತು, ಯಾಕೆಂದರೆ ಆ ತಡ ನನ್ನ ತಪ್ಪು, ಹಳೆಯ ಕಂಪ್ಯೂಟರಿಗೆ ನಾನು ಬರೆದ ಪ್ರೋಗ್ರಾಂ ಭಾರವಾಗಿ ನೆರಳು ಕುಂಟುತ್ತಾ ಬರುತ್ತಿತ್ತು, ಒಂದು ವಾರ ಕೂತು ಸಾಲು ಸಾಲು ಕೆರೆದು ಅದನ್ನು ಅರ್ಧ ಸೆಕೆಂಡಿಗೆ ಇಳಿಸಿ, ಬಾರೇ ನೋಡು ಅಂತ ಕರೆದರೆ, ಇವಳು ಬಂದು, ನೋಡಿ, ಮುಖ ಇಳಿಬಿಟ್ಟು — ಅಯ್ಯೋ ಅಕ್ಕಾ, ಯಾಕೆ ಸರಿ ಮಾಡಿದೆ?

ಅದೇ, ಅದೇ ನನ್ನ ಹೊಟ್ಟೆಯೊಳಗೆ ಕೂತಿರುವುದು, ಕದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಕಳ್ಳಿ ಅಂತ ಬೈದು ಹಗುರಾಗಬಹುದಿತ್ತು, ಇವಳು ಏನೂ ಕದಿಯಲಿಲ್ಲ, ನಾನು ಕಸದಬುಟ್ಟಿಗೆ ಎಸೆದದ್ದನ್ನು ಎತ್ತಿಕೊಂಡು, ಅಕ್ಕ ಇದು ಬೇಡ್ವಾ ನಿಂಗೆ ಅಂತ ಕೇಳಿ, ಕೇಳಿಯೇ ತೆಗೆದುಕೊಂಡಳು. ನಾನು ಮೊದಲು ಯಂತ್ರ ನೋಡುತ್ತೇನೆ, ಕ್ಯಾಮೆರಾ ಎಷ್ಟು ದೂರ, ಕೋಣೆ ಎಷ್ಟು ಕತ್ತಲು, ಇವಳು ಕಂಪ್ಯೂಟರು ಮುಟ್ಟುವ ಮೊದಲು ಎರಡು ವಾರ ಬರೀ ಖಾಲಿ ಕೋಣೆಯ ಮೂಲೆಯಲ್ಲಿ ಕಾಲು ಚಾಚಿ ಕೂತಿರುತ್ತಾಳೆ, ಯಾರು ಯಾರನ್ನೋ ಒಳಗೆ ಕಳಿಸಿ, ಅವರು ಎಲ್ಲಿ ನಿಂತರು, ಎಲ್ಲಿ ತಿರುಗಿದರು, ಯಾವಾಗ ಬೇಜಾರಾಗಿ ಹೊರಟರು ಅಂತ ನೆಲಕ್ಕೆ ಹಳದಿ ಟೇಪು ಅಂಟಿಸುತ್ತಾಳೆ, ಅಕ್ಕ, ಜನ ತಮ್ಮ ನೆರಳು ಬರಲಿಲ್ಲ ಅಂದ್ರೆ ಮೊದಲು ಹಿಂದೆ ತಿರುಗಿ ನೋಡ್ತಾರೆ ಕಣೇ, ಆ ತಿರುಗೋದಿದೆಯಲ್ಲ ಅದೇ ನನಗೆ ಬೇಕು. ಹದಿನೈದು ವರ್ಷ ವೈರಿನ ಜೊತೆ ಬಾಳಿದ ನನಗೆ ಅದು ಯಾಕೆ ಕಾಣಲಿಲ್ಲ. ಚಿಕ್ಕವಳಿದ್ದಾಗ ನೆಂಟರ ಮುಂದೆ ಲೈಟು ಹಾಕಿ ಆರಿಸಿ, ಹಾಕಿ ಆರಿಸಿ, ಮಿಣುಕಿ ಅಂತ ಹೆಸರು ಬಂತು ಇವಳಿಗೆ, ಸ್ವಿಚ್ಚಿಗೆ ಕೈ ಎಟುಕದ ಇವಳನ್ನು ಸೊಂಟ ಹಿಡಿದು ಎತ್ತಿದವಳು ನಾನು, ಚಪ್ಪಾಳೆ ಇವಳಿಗೆ, ತೋಳು ನೋವು ನನಗೆ.

ನಿನ್ನೆ ಮಧ್ಯಾಹ್ನ ಇವಳು ಊಟಕ್ಕೆ ಹೋದಾಗ ಚಳಿ ಅಂತ ಕಪ್ಪು ಉಣ್ಣೆಯ ಸ್ವೆಟರು ಹಾಕಿಕೊಂಡು ಗೋಡೆಯ ಮುಂದೆ ನಿಂತೆ, ಒಂದು, ಎರಡು, ಮೂರು, ನಾಲ್ಕು, ಹತ್ತು — ನೆರಳು ಬರಲಿಲ್ಲ. ಹಿಂದೆ ತಿರುಗಿ ನೋಡಿದೆ, ಇವಳು ಹೇಳಿದ ಹಾಗೇ ತಿರುಗಿದೆ, ಥೂ. ಆಮೇಲೆ ಹೊಳೆಯಿತು, ಆ ಕ್ಯಾಮೆರಾ ಕಣ್ಣಿಗೆ ಕಾಣದ ಬೆಳಕು ಚೆಲ್ಲಿ, ಮೈಗೆ ಬಡಿದು ವಾಪಸು ಬಂದದ್ದರಿಂದ ಆಕಾರ ಕಟ್ಟುತ್ತೆ, ಕಪ್ಪು ಬಟ್ಟೆ ಬೆಳಕನ್ನು ನುಂಗಿ ಕೂತುಬಿಡುತ್ತೆ, ಉಳಿಯುವುದು ಮುಖದ ಚೂರು, ಕೈಯ ಚೂರು, ಚೂರುಗಳನ್ನು ಕಸವೆಂದು ಎಸೆ ಅಂತ ಪ್ರೋಗ್ರಾಮಿಗೆ ಕಲಿಸಿದವಳು ನಾನೇ. ತಿಂಗಳುಗಟ್ಟಲೆ ಪರೀಕ್ಷೆಗೆ ನಿಂತವರೆಲ್ಲ ನಾವಿಬ್ಬರೂ ಬಡಗಿಯಣ್ಣನೂ, ಸುಣ್ಣ ಬಣ್ಣ ಮೆತ್ತಿದ ತಿಳಿ ಅಂಗಿಗಳಲ್ಲಿ. ಇಂಥ ಉದ್ಘಾಟನೆಗೆ ಬರುವವರು ಅಡಿಯಿಂದ ಮುಡಿಯವರೆಗೆ ಕಪ್ಪು ಉಡುತ್ತಾರೆ ಅನ್ನುವುದು ಕಲೆಯ ಕಸುಬಿನ ಎಲ್ಲರಿಗೂ ಗೊತ್ತು, ನಮಗೂ ಗೊತ್ತು, ಹೊಳೆಯಲಿಲ್ಲ. ಒಂದು ಅಂಕಿ ಬದಲಿಸಿದರೆ ಸಾಕು, ಎಷ್ಟು ಸಣ್ಣ ಚೂರಿದ್ದರೆ ಎಸೆಯಬೇಕು ಅನ್ನುವ ಆ ನಲವತ್ತನ್ನು ಎಂಟು ಮಾಡಿದರೆ ಚೂರುಗಳೆಲ್ಲ ಉಳಿದುಕೊಳ್ಳುತ್ತವೆ. ಬೆರಳು ಕೀಲಿಯ ಮೇಲೆ ಇತ್ತು. ಅಷ್ಟರಲ್ಲಿ ಇವಳು ಬಂದಳು, ಅಕ್ಕಾ, ಪೇಪರಿನವರು ನಾಳೆ ಮತ್ತೆ ಬರ್ತಾರಂತೆ, ನನ್ನನ್ನೊಬ್ಬಳನ್ನೇ ಮಾತಾಡಿಸಬೇಕಂತೆ, ಭಯ ಆಗುತ್ತೆ ಕಣೇ. ಒಬ್ಬಳನ್ನೇ. ಬೆರಳು ತೆಗೆದೆ. ಬರಲಿ ಕಪ್ಪು ಜನ, ನಿಲ್ಲಲಿ ಖಾಲಿ ಗೋಡೆಯ ಮುಂದೆ, ಒಂದೇ ಒಂದು ಸಲ ಚಪ್ಪಾಳೆ ಬೀಳದೆ ಹೋಗಲಿ, ಒಂದೇ ಸಲ.

ಬಾಗಿಲು ತೆರೆದರು. ಮೇಜಿನಡಿಯಿಂದ ಎದ್ದು ಪಕ್ಕದ ಗೋಡೆಗೆ ಒರಗಿ ನಿಂತೆ. ಗ್ಯಾಲರಿಯ ಮುಖ್ಯಸ್ಥೆ ಮುಂದೆ, ಕಪ್ಪು ವೆಲ್ವೆಟ್ ಕೋಟು, ಕುತ್ತಿಗೆವರೆಗೂ ಗುಂಡಿ, ಹಿಂದೆ ಇಪ್ಪತ್ತು ಮೂವತ್ತು ಕಪ್ಪು ಬೆನ್ನುಗಳು, ಗೋಡೆಯ ಮುಂದಿದ್ದ ತಿಳಿ ಅಂಗಿಯ ತಂಗಿ ಪಕ್ಕಕ್ಕೆ ಸರಿದಳು, ಮುಖ್ಯಸ್ಥೆ ಹಳದಿ ಟೇಪಿನ ಮೇಲೆ ನಿಂತು ಕೈ ಎತ್ತಿದರು, ಒಂದು, ಎರಡು, ಮೂರು, ನಾಲ್ಕು, ಯಾರೋ ಕೆಮ್ಮಿದರು, ಕೆಟ್ಟಿರಬೇಕು ಅಂತ ಪಿಸುಗುಟ್ಟಿದರು, ತಂಗಿಯ ಕಣ್ಣು ನನ್ನನ್ನು ಹುಡುಕುತ್ತಿದೆ, ನನ್ನ ಕಣ್ಣು ನನ್ನ ಉಗುರು ನೋಡುತ್ತಿದೆ, ಹೋಗಿ ಸರಿಮಾಡು, ಹೋಗೇ, ಒಂದು ಅಂಕಿ, ಕಾಲು ಯಾಕೆ ಏಳುತ್ತಿಲ್ಲ, ಹನ್ನೊಂದು, ಹನ್ನೆರಡು — ಗೋಡೆಯ ಮೇಲೆ ಒಂದು ನೆರಳು ಬಂತು. ಕೈ ಎತ್ತಿದ ನೆರಳಲ್ಲ. ಹೆಂಗಸೊಬ್ಬಳು, ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ತೋಳೆತ್ತಿ ಕೂದಲು ಗಂಟು ಕಟ್ಟುತ್ತಿದ್ದಾಳೆ, ಗಂಟು ಬಿಚ್ಚುತ್ತದೆ, ಮತ್ತೆ ತೋಳೆತ್ತುತ್ತಾಳೆ, ಆ ಮೊಣಕೈ — ನಾನು. ಹನ್ನೆರಡು ಸೆಕೆಂಡು ಯಾರೂ ಕಾಣದಿದ್ದರೆ ಗೋಡೆ ಖಾಲಿ ಉಳಿಯಬಾರದು ಅಂತ ನಾನು ಹಾಕಿಟ್ಟದ್ದು ಗಾಳಿಗೆ ಅಲುಗುವ ಪರದೆಯ ನೆರಳು, ಅದನ್ನು ತೆಗೆದು ಇದನ್ನು ಯಾರು, ಯಾವಾಗ. ಪರೀಕ್ಷೆಯ ದಿನಗಳ ಒಂದು ಮಧ್ಯಾಹ್ನ, ಸೆಖೆ, ಕ್ಯಾಮೆರಾ ಓಡುತ್ತಿದೆಯೆಂದೂ ಮರೆತಿದ್ದೆ. ಮುಖ್ಯಸ್ಥೆ ಹಿಂದೆ ತಿರುಗಿ ನೋಡಿದರು. ಎಲ್ಲರೂ ತಿರುಗಿದರು. ಯಾರಿದು, ಯಾರೂ ಇಲ್ಲವಲ್ಲ, ಅಬ್ಬ, ನಮ್ಮನ್ನು ಬಿಟ್ಟು ಇನ್ಯಾರನ್ನೋ ತೋರಿಸ್ತಿದೆ. ಚಪ್ಪಾಳೆ. ತಂಗಿ ಚಪ್ಪಲಿ ಎಳೆಯುತ್ತಾ ನಡುವೆ ಬಂದಳು, ಮೇಡಂ, ಇದು ಹೀಗೆ ಆಗಬೇಕಿರಲಿಲ್ಲ, ಎಲ್ಲೋ ತಪ್ಪಾಗಿದೆ, ಗೋಡೆಗೆ ನೀವ್ಯಾರೂ ಕಾಣ್ತಿಲ್ಲ. ಯಾರೂ ಇಲ್ಲದಾಗ ಇರಲಿ ಅಂತ ನಮ್ಮಕ್ಕನ್ನ ಇಟ್ಟಿದ್ದೆ. ಕೆಲಸ ಮಾಡುವಾಗ ದಿನಾ ಹೀಗೇ ಕಾಣೋಳು.

ನಿಜ ಹೇಳಿಬಿಟ್ಟಳಲ್ಲ, ನನ್ನ ಮೂರು ಹ್ಞೂಂಗಳ ಎದುರು ಒಂದೇ ಉಸಿರಿನಲ್ಲಿ. ತಪ್ಪಾದರೂ ಸರಿ, ಹೀಗೇ ಬಿಡಿ ಅಂದರು ಮುಖ್ಯಸ್ಥೆ, ವರ್ಷವಿಡೀ ಇಲ್ಲೇ ಇರಲಿ ಇದು, ಹೊರಗಿನ ಫಲಕದಲ್ಲಿ ಇಬ್ಬರ ಹೆಸರೂ ಹಾಕೋಣ. ತಂಗಿ ಜನರನ್ನು ಸರಿಸಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿದಳು, ನಿನ್ನ ಹೆಸರು ಮೊದಲು ಅಕ್ಕಾ, ದಪ್ಪ ಅಕ್ಷರದಲ್ಲಿ, ಹ್ಞೂಂ ಅನ್ನು. ಆಮೇಲೆ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ, ಕಪ್ಪು ಬಟ್ಟೆ ಅಲ್ವೇನೇ? ನಿಂಗೆ ಗೊತ್ತಿತ್ತಾ? ಬೈಯಲಿಲ್ಲ, ಕೈ ಬಿಡಲಿಲ್ಲ, ನಾನು ಎಸೆದದ್ದನ್ನು ಮತ್ತೆ ಎತ್ತಿಕೊಂಡು ಬಂದು, ಇದು ಬೇಡ್ವಾ ನಿಂಗೆ ಅಂತ ಕೇಳುವ ಅದೇ ಕಣ್ಣು, ಇನ್ನೊಂದು ಹ್ಞೂಂ ಸಾಕು, ದಪ್ಪ ಅಕ್ಷರ, ಅಮ್ಮನಿಗೆ ಮೊಣಕೈ ಹುಡುಕುವ ಕೆಲಸವಿಲ್ಲ, ಹದಿನೈದು ವರ್ಷ ಇದನ್ನೇ ತಾನೆ ಕಾದದ್ದು, ಗೋಡೆಯ ಮೇಲೆ ಅವಳು ತೋಳೆತ್ತುತ್ತಾಳೆ, ಗಂಟು ಕಟ್ಟುತ್ತಾಳೆ, ಬಿಚ್ಚುತ್ತದೆ, ಏನೂ ಗೊತ್ತಿಲ್ಲದ ಆ ಮಧ್ಯಾಹ್ನದವಳು, ಯಾರ ಮೇಲೂ ಕಿಚ್ಚಿಲ್ಲದವಳು, ತೋಳೆತ್ತುತ್ತಾಳೆ —

ಅಕ್ಕಾ?

ಒಂದು, ಎರಡು, ಮೂರು.

ಹೆಸರು ಬೇಡ, ಅಂದೆ.

ಅವಳು ತೋಳೆತ್ತುತ್ತಾಳೆ.