ಗೋಡೆ, ಜೇಬು, ದಾಡಿ

ದಂತವೈದ್ಯರ ಕ್ಲಿನಿಕ್ಕಿಗೆ ಹೊಲಿದ ಪರದೆಗಳು ವಾಪಸ್ ಬಂದವು. ಆರಕ್ಕೆ ಆರೂ ಗಿಡ್ಡ. ಪರದೆಯಮ್ಮ ಟೇಪು ಹಿಡಿದು ಅಳೆದಳು. ಎಪ್ಪತ್ತು ಇಂಚು. ಸೊಸೆ ಹೇಳಿದ್ದೂ ಅಷ್ಟೇ ತಾನೇ?

"ನಾನು ಎಂಬತ್ತು ಅಂದಿದ್ದೆ, ಅತ್ತೆ."

"ಎಪ್ಪತ್ತು ಅಂದೆ. ಕಿವಿಯಾರೆ ಕೇಳಿದೀನಿ."

ಸೊಸೆ ಪರದೆಗಳನ್ನು ಮಡಚಿಟ್ಟಳು. ಅವಳು ವಾದಿಸದಿದ್ದದ್ದೇ ಪರದೆಯಮ್ಮನಿಗೆ ಹೆಚ್ಚು ಚುಚ್ಚಿತು.

ಬೀದಿಯವರಿಗೆಲ್ಲ ಅವಳು ಪರದೆಯಮ್ಮ. ಅರವತ್ತೆಂಟು ದಾಟಿದ್ದರೂ ಕತ್ತರಿ ಹಿಡಿದ ಕೈ ನಡುಗುತ್ತಿರಲಿಲ್ಲ. ಸೊಸೆ ಮನೆಮನೆಗೆ ಹೋಗಿ ಕಿಟಕಿ ಅಳೆದು ಬರುವಳು, ಹೊಲಿಗೆ ಯಂತ್ರದ ಮುಂದೆ ಕೂತೇ ಅಳತೆ ಕೂಗುವಳು. ಅತ್ತೆ ಆಚೆ ಮೂಲೆಯ ಮೇಜಿನ ಮೇಲೆ ಬಟ್ಟೆ ಹಾಸಿ ಕತ್ತರಿಸುವಳು. ಇಷ್ಟು ವರ್ಷ ಎಲ್ಲ ಬಾಯಿಮಾತಿನಲ್ಲೇ ನಡೆದಿತ್ತು.

ಈಗ ಮಾತೇ ಕೈಕೊಡತೊಡಗಿತ್ತು. ಒಂದು ದಿನ ಸೊಸೆ ಒಳಗಿನಿಂದ, "ಬೀಗ ಎಲ್ಲಿಟ್ರಿ?" ಎಂದು ಕೇಳಿದರೆ ಪರದೆಯಮ್ಮ, "ಬೀಗರು ಇವತ್ತು ಯಾಕೆ ಬರ್ತಾರೆ?" ಎಂದು ಗಾಬರಿಯಾದಳು. ಸೊಸೆ ನಕ್ಕಳು, ಆಮೇಲೆ ನಗು ನುಂಗಿಕೊಂಡಳು. ಪಾರ್ಕಿನಲ್ಲಿ ಜೊತೆಗೆ ನಡೆಯುವ ಹೆಂಗಸರ ಮಾತಿಗೂ ತಲೆಬುಡ ಸಿಗದೆ, ಕಾಲುನೋವಿನ ನೆಪ ಹೇಳಿ ಅತ್ತ ಹೋಗುವುದನ್ನೇ ಬಿಟ್ಟಳು.

ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ತಮ್ಮನಿಗೆ ಸುದ್ದಿ ಮುಟ್ಟಿತು. "ಅಕ್ಕಾ, ಮೆದುಳಿಗೆ ತುಕ್ಕು ಹಿಡೀತಿದೆ. ಉಜ್ಜಬೇಕು," ಎಂದವನೇ ಒಂದು ಪೊಟ್ಟಣ ಬಾದಾಮಿ, ಅಂಕಿ ತುಂಬಿಸುವ ಚೌಕಗಳ ಪುಸ್ತಕ ತಂದಿಟ್ಟ. ಎಡಗೈಯಲ್ಲಿ ಹಲ್ಲುಜ್ಜಬೇಕಂತೆ. ಉಜ್ಜಿದಳು. ಪೇಸ್ಟು ಮೂಗಿಗೇರಿತು. ಆದರೆ ತಮ್ಮ ಇನ್ನೂ ಪೆನ್ನು ಕಚ್ಚುತ್ತ ಕೂತಿರುವಾಗಲೇ ಚೌಕಗಳನ್ನೆಲ್ಲ ಮುಗಿಸಿಬಿಟ್ಟಳು. ಅಂಕಿಗೆ ಓಡುವ ತಲೆ ಮಾತಿಗೇಕೆ ಓಡುವುದಿಲ್ಲ?

ಅದೇ ವಾರ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ನೀರು ಕುಡಿಯಲು ಹೋದಳು. ಸುಟ್ಟ ವಾಸನೆಗೆ ಓಡಿ ಬಂದ ಸೊಸೆ ಅತ್ತೆಯ ಕೈ ಹಿಡಿದು, "ಡಾಕ್ಟರ್ ಹತ್ರ ಹೋಗೋಣ," ಎಂದಳು. ಪರದೆಯಮ್ಮ ತಕರಾರು ಮಾಡಲಿಲ್ಲ.

ಡಾಕ್ಟರಮ್ಮ ಬಾಯಿಗೆ ಮಾಸ್ಕ್ ಹಾಕಿದ್ದರು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಮೂರು ಪದ ಹೇಳುತ್ತೇನೆ, ಹಾಗೆಯೇ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇನೆ ಎಂದರು. ಜೊತೆಗೆ ಬಂದಿದ್ದ ತಮ್ಮ ಅದನ್ನು ಅಕ್ಕನ ಕಿವಿಯ ಹತ್ತಿರ ಬಾಗಿ ತಿಳಿಸಿದ.

"ಕೊಡೆ, ಸೇಬು, ಗಾಡಿ," ಎಂದರು ಡಾಕ್ಟರಮ್ಮ.

"ಗೋಡೆ, ಜೇಬು, ದಾಡಿ," ಎಂದಳು ಪರದೆಯಮ್ಮ.

ಸೊಸೆ ಕಣ್ಣು ಮುಚ್ಚಿಕೊಂಡಳು. ಡಾಕ್ಟರಮ್ಮ ತಿದ್ದದೆ ಗಡಿಯಾರದ ಚಿತ್ರ ಬರೆಸಿದರು, ಲೆಕ್ಕ ಮಾಡಿಸಿದರು. ಎಲ್ಲ ಸರಿಯಿತ್ತು. ಕೊನೆಗೆ ಆ ಮೂರು ಪದಗಳನ್ನು ಕೇಳಿದರು.

"ಗೋಡೆ, ಜೇಬು, ದಾಡಿ." ಒಂದಿಷ್ಟೂ ತಡವರಿಸಲಿಲ್ಲ.

ಡಾಕ್ಟರಮ್ಮ ಮಾಸ್ಕ್ ಕೆಳಗೆಳೆದು ನಕ್ಕರು. "ಮರೆಯೋರು ತಪ್ಪನ್ನ ಇಷ್ಟು ಸರಿಯಾಗಿ ನೆನಪಿಟ್ಕೊಳ್ಳಲ್ಲ," ಎಂದು, ಎದುರಿಗೆ ಕೂತು ಗಟ್ಟಿಯಾಗಿ ಬೇರೆ ಮೂರು ಪದ ಹೇಳಿದರು. ಪರದೆಯಮ್ಮ ಮೂರನ್ನೂ ಒಪ್ಪಿಸಿದಳು, ಆಮೇಲೆ ಕೇಳಿದಾಗಲೂ ಒಪ್ಪಿಸಿದಳು. ಕಿವಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿ ಸಾಕಷ್ಟು ಮಂದವಾಗಿರುವುದು ಗೊತ್ತಾಯಿತು.

"ಹಾಗಾದ್ರೆ ನನ್ನ ತಲೆ ಸರಿಯಾಗಿದೆಯಾ?"

"ಅರ್ಧ ಉತ್ತರ ಸಿಕ್ಕಿದೆ. ಸರಿಯಾಗಿ ಕೇಳದಿದ್ರೆ ಮೆದುಳು ಊಹೆ ಮಾಡಿ ಮಾಡಿಯೇ ಸುಸ್ತಾಗುತ್ತೆ. ಜನರಿಂದ ದೂರ ಉಳೀತೀವಿ, ಅದೂ ಒಳ್ಳೇದಲ್ಲ."

"ಮತ್ತೆ ಆ ಇಸ್ತ್ರಿಪೆಟ್ಟಿಗೆ?"

"ಅದಕ್ಕೂ ಕಿವಿಗೂ ಸಂಬಂಧ ಇಲ್ಲ. ಅಂಥ ಮರೆವು ಯಾರಿಗಾದ್ರೂ ಬರುತ್ತೆ. ನಿಮ್ಮದು ಅಷ್ಟೇನಾ ಅಂತ ಈಗ್ಲೇ ಹೇಳೋಕಾಗಲ್ಲ. ಆರು ತಿಂಗಳು ಬಿಟ್ಟು ಬನ್ನಿ. ಅಲ್ಲೀವರೆಗೆ ಕಿವಿಗೆ ಯಂತ್ರ ಹಾಕ್ಕೊಳ್ಳಿ, ನಡೀರಿ, ನಿದ್ದೆ ಕೆಡಬೇಡಿ, ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾಲ್ಕು ಜನರ ಜೊತೆ ಬೆರೀರಿ."

"ಬಾದಾಮಿ?" ತಮ್ಮ ಬಾಯಿ ಹಾಕಿದ.

"ತಿನ್ನಲಿ, ಬೇಡ ಅಂದೋರ್ಯಾರು?"

ಶ್ರವಣಯಂತ್ರ ಹಾಕಿದ ದಿನ ಗೊಂದಲ ಇನ್ನೂ ಹೆಚ್ಚಿತು. ಕತ್ತರಿ ಬಟ್ಟೆ ಸೀಳುವ ಸದ್ದು, ನಲ್ಲಿ ತೊಟ್ಟಿಕ್ಕುವ ಸದ್ದು, ತನ್ನದೇ ಚಪ್ಪಲಿಯ ಸದ್ದು ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದವು. ಇದರ ನಡುವೆ ಯಾರೋ ಒಂದೇ ಸಮನೆ ಗೊಣಗುತ್ತಿದ್ದರು. ತಿರುಗಿ ನೋಡಿದರೆ ಸೊಸೆ.

"ನೀನು ಯಾವಾಗ್ಲೂ ಹೀಗೆ ಗೊಣಗ್ತೀಯಾ?"

ಸೊಸೆ ಕೆಂಪಾದಳು. "ಮೊದಲಿಂದಲೂ, ಅತ್ತೆ."

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಂದಿನಿಂದ ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿ, ಮೇಜಿನ ಬಳಿಗೇ ಬಂದು, ಮುಖ ನೋಡಿ ಅಳತೆ ಹೇಳತೊಡಗಿದಳು. ಪರದೆಗಳು ಮತ್ತೆ ವಾಪಸ್ ಬರಲಿಲ್ಲ.

ಆದರೂ ಪರದೆಯಮ್ಮನಿಗೆ ಪೂರ್ತಿ ಸಮಾಧಾನವಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವಾಗಲೆಲ್ಲ, ಇದು ಕಿವಿಯದೋ ತಲೆಯದೋ ಎಂದು ನಿಂತುಬಿಡುವಳು. ಕನ್ನಡಕಕ್ಕೂ ಕಿವಿಗೂ ಏನು ಸಂಬಂಧ ಎಂದು ಆಮೇಲೆ ತನಗೇ ನಗು ಬರುವುದು.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಪಾರ್ಕಿಗೆ ಹೋದಳು. ಹೆಂಗಸರು ಜಾಗ ಮಾಡಿಕೊಟ್ಟರು. ನಿವೃತ್ತ ನರ್ಸಮ್ಮ ಏನೋ ಒಂದು ಜೋಕು ಹೇಳಿದಳು. ಎಲ್ಲರೂ ಗೊಳ್ಳೆಂದರು. ಪರದೆಯಮ್ಮನಿಗೆ ಒಂದಕ್ಷರವೂ ಬಿಡದೆ ಕೇಳಿಸಿತ್ತು. ನಗು ಮಾತ್ರ ಬರಲಿಲ್ಲ. ಹಾಗಾದರೆ ಇದು ತಲೆಯದೇ?

ಪಕ್ಕದವಳ ತೋಳು ಹಿಡಿದು ಪಿಸುಗುಟ್ಟಿದಳು: "ಅದರಲ್ಲಿ ನಗೋದು ಏನಿತ್ತು?"

"ನಂಗೂ ಗೊತ್ತಾಗ್ಲಿಲ್ಲ ಕಣ್ರೀ. ಎಲ್ಲಾ ನಕ್ರಲ್ಲ, ಅದಕ್ಕೆ ನಕ್ಕೆ," ಎಂದಳು ಅವಳು. "ಬನ್ನಿ, ಇನ್ನೊಂದು ಸುತ್ತು ಹಾಕೋಣ."