ಹಿಂಬದಿಯ ತಗಡು

ಕಾರ್ಟೂನಿನವಳು ಕಂಪ್ಯೂಟರಿನ ಕಾರ್ಡನ್ನು ವಾಪಸು ತಂದಳು. ಮೇಜಿನ ಮೇಲೆ ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು ಅನ್ನುವುದೇ ಸರಿ.

“ನಡ್ಕೊಂಡು ಬಂದವನನ್ನ ಹೊತ್ಕೊಂಡು ಹೋಗೋ ಹಾಗೆ ಮಾಡಿದ್ರಲ್ಲ,” ಎಂದಳು. ಹೇಳಿದ ಮೇಲೆ ಯಾರ ಮನೆಯಲ್ಲಿ ನಿಂತಿದ್ದೇನೆಂದು ನೆನಪಾಯಿತೇನೋ, ತುಟಿ ಕಚ್ಚಿಕೊಂಡಳು. “ಕ್ಷಮಿಸಿ ಅಕ್ಕಾ. ಬಾಯಿಗೆ ಬಂದುಬಿಡ್ತು.”

“ಪರವಾಗಿಲ್ಲ. ಏನಾಗ್ತಿದೆ ಹೇಳಿ.”

“ಏನೂ ಆಗ್ತಿಲ್ಲ, ಅದೇ ತೊಂದರೆ. ಬಿಸಿ ಆಗುತ್ತೆ ಅಂತ ಕೊಟ್ಟಿದ್ದು. ಒಳಗೆ ಬಿಸಿ ಎಳೆಯೋ ಪೇಸ್ಟು ಒಣಗಿದೆ, ಬದಲಾಯಿಸಿ ಕೊಡ್ತೀನಿ, ಅರ್ಧ ಗಂಟೆ ಕೆಲಸ ಅಂದಿದ್ರು ನಿಮ್ಮ ಯಜಮಾನ್ರು. ಈಗ ಫ್ಯಾನೂ ತಿರುಗಲ್ಲ, ಚಿತ್ರಾನೂ ಬರಲ್ಲ.”

ಅವಳು ಮಕ್ಕಳ ಪಾಠಗಳಿಗೆ ಕುಣಿಯುವ ಚಿತ್ರ ಮಾಡುವವಳು. ಕಂಪ್ಯೂಟರಿಗೆ ಚಿತ್ರ ಬರೆದುಕೊಡುವುದು ಈ ಗ್ರಾಫಿಕ್ಸ್ ಕಾರ್ಡು. ಅದಿಲ್ಲದಿದ್ದರೆ ಅವಳ ಇಲಿಯೂ ಕುಣಿಯದು, ಆನೆಯೂ ಕುಣಿಯದು.

“ನೋಡ್ತೀನಿ,” ಎಂದೆ.

“ಯಾರು ನೋಡ್ತಾರೆ?”

“ನಾನೇ.”

ಅವಳು ನನ್ನನ್ನು ನೋಡಿದಳು. ಆಮೇಲೆ ಅವರ ಕುರ್ಚಿಯನ್ನು ನೋಡಿದಳು. “ಶನಿವಾರ ಸಂಜೆ ಬರ್ತೀನಿ. ಸರಿಯಾಗದಿದ್ರೆ ಬೇರೆ ದಾರಿ ಹುಡುಕ್ಕೋತೀನಿ. ಆದ್ರೆ ಏನಾಗಿತ್ತು ಅಂತ ನನಗೆ ಗೊತ್ತಾಗಬೇಕು. ಯಾರ ಕೈಯಲ್ಲಿ ಆಯ್ತು ಅಂತಾನೂ.”

ಮೆಟ್ಟಿಲಿಳಿದು ಹೋದಳು. ಕೊನೆಯ ಮಾತು ಕೋಣೆಯಲ್ಲೇ ಉಳಿಯಿತು.

ಯಾರ ಕೈಯಲ್ಲಿ. ಇದ್ದದ್ದು ಎರಡೇ ಜೋಡಿ ಕೈ. ಒಂದು ನನ್ನದು.

ಸತ್ತ ಕಾರ್ಡುಗಳನ್ನು ಎಬ್ಬಿಸುವುದು ನನ್ನ ಗಂಡನ ಕಸುಬು. ಅಡುಗೆಮನೆಯ ಪಕ್ಕದ ಈ ಕೋಣೆಯೇ ಅಂಗಡಿ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕಾಲೇಜಿನಿಂದ ಬಂದ ಮೇಲೆ ಎದುರಿನ ಸ್ಟೂಲಿನಲ್ಲಿ ಕೂತು ಅಳೆಯುವ, ಬಿಚ್ಚುವ, ಒರೆಸುವ ಕೆಲಸ ಮಾಡುತ್ತಿದ್ದೆ. ಬೆಸುಗೆ ಮಾತ್ರ ಅವರದ್ದೇ. ನನ್ನ ಬೆಸುಗೆಯನ್ನು ನೋಡಿ, “ನೀನು ಹಚ್ಚಿದ್ದು ಬೆಸುಗೆ ಅಲ್ಲ, ಬೆಲ್ಲದ ಪಾಕ,” ಎನ್ನುತ್ತಿದ್ದರು.

ಆ ದಿನ ಬೆಳಿಗ್ಗೆ ನಾನು ಕಾಲೇಜಿನಲ್ಲಿದ್ದೆ. ಅವರು ಈ ಕಾರ್ಡನ್ನು ಹಿಡಿದು ಕೂತಿದ್ದರು. ಮಧ್ಯಾಹ್ನ ತಮ್ಮ ಅಮ್ಮನಿಗೆ, “ಸ್ವಲ್ಪ ಮಲಗ್ತೀನಿ,” ಎಂದು ಹೇಳಿ ಒಳಗೆ ಹೋದರು. ಏಳಲಿಲ್ಲ. ಮೆದುಳಿನ ರಕ್ತನಾಳ ಎಂದರು ಡಾಕ್ಟರು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ನಾನು ಈ ಕೋಣೆಯ ಬಾಗಿಲು ತೆಗೆದಾಗ ಕಾರ್ಡು ಮುಚ್ಚಿದ ಸ್ಥಿತಿಯಲ್ಲಿತ್ತು. ಕಾರ್ಡಿನ ಬೆನ್ನಿಗೆ ಒಂದು ಲೋಹದ ತಗಡು ಇರುತ್ತದೆ. ಅವರ ಪದ್ಧತಿಯಲ್ಲಿ ಆ ತಗಡು ಎಲ್ಲಕ್ಕಿಂತ ಕೊನೆಗೆ. ಕಾರ್ಡು ಓಡಬೇಕು, ಪರದೆಯಲ್ಲಿ ಚಿತ್ರ ಬರಬೇಕು, ಆಮೇಲೆ ತಗಡು. “ಗಾಯ ಆರೋ ಮುಂಚೆ ಅಂಗಿ ತೊಡಿಸಬಾರದು,” ಎನ್ನುತ್ತಿದ್ದರು. ತಗಡು ಕೂತಿತ್ತು. ಎರಡು ಸ್ಕ್ರೂ ಮಾತ್ರ ಅಯಸ್ಕಾಂತದ ಬಟ್ಟಲಿನಲ್ಲಿ ಉಳಿದಿದ್ದವು. ಅವೆರಡನ್ನೂ ನಾನು ಬಿಗಿದೆ, ಸುತ್ತಿದೆ, ಕೊಟ್ಟೆ. ಓಡಿಸಿ ನೋಡಲಿಲ್ಲ. ಅವರು ತಗಡು ಮುಚ್ಚಿದ ಕಾರ್ಡನ್ನು ಯಾರೂ ಮತ್ತೆ ಓಡಿಸಿ ನೋಡಿದ್ದಿಲ್ಲ.

ಸ್ಕ್ರೂಗಳಲ್ಲಿ ಉದ್ದದ್ದು ಬೇರೆ, ಗಿಡ್ಡದ್ದು ಬೇರೆ. ಗಿಡ್ಡದರ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಅದು ಕಾರ್ಡಿನ ಹಲಗೆಯೊಳಕ್ಕೇ ಇಳಿದು ಒಳಗಿನ ತಂತಿ ಕಡಿಯುತ್ತದೆ. ನಾನು ಹಾಗೆ ಮಾಡಿದ್ದೇನೋ. ಮೈಯ ಕಿಡಿ ಹರಿದುಹೋಗಲೆಂದು ಮಣಿಕಟ್ಟಿಗೆ ಕಟ್ಟುವ ತಂತಿ ಕಟ್ಟಿಕೊಳ್ಳದೆ ಮುಟ್ಟಿದ್ದೇನೋ. ಮೈಮೇಲಿನ ಕಿಡಿ ಸಾಕು, ಕಣ್ಣಿಗೆ ಕಾಣದ ಕಿಡಿ, ಇಂಥ ಕಾರ್ಡು ಸಾಯಲು.

ನಾನೇ ಆಗಿರಲಿ ಎಂದುಕೊಂಡೆ.

ಬಾಗಿಲ ಬಳಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಮೊದಲೆಲ್ಲ ಕಾರ್ಡು ಬಂದಾಗ, “ಇನ್ನೊಂದು ಹೆಣ ಬಂತೇನೋ?” ಎಂದು ಮಗನನ್ನು ಕಾಡುತ್ತಿದ್ದರು. ಈಗ ಆ ಮಾತು ಆಡುವುದಿಲ್ಲ. ಮನೆಗೆ ಬಂದವರಿಗೆಲ್ಲ ಅವರು ಹೇಳುವುದು ಒಂದೇ: “ನನ್ನ ಮಗನ ಕೈ ಅಂದ್ರೆ ಕೈ. ಕೂದಲಿನಷ್ಟು ತಂತಿಯನ್ನ ಉಸಿರು ಬಿಡದೆ ಅಂಟಿಸೋನು. ಒಂದು ದಿನ ತಪ್ಪಿದ್ದಿಲ್ಲ.” ಅದನ್ನು ಹೇಳುವಾಗ ಮಾತ್ರ ಅವರ ಬೆನ್ನು ನೆಟ್ಟಗಾಗುತ್ತದೆ.

“ಏನಂತೆ ಅವಳದ್ದು?”

“ಕಾರ್ಡು ಓಡ್ತಿಲ್ವಂತೆ ಅತ್ತೆ.”

“ಇವನು ಕೈಯಾಡಿಸಿದ್ದು ಓಡ್ತಿಲ್ವಾ? ಅವಳೇ ಏನೋ ಮಾಡ್ಕೊಂಡಿರ್ತಾಳೆ.”



ಬಿಸಿಗಾಳಿಗೆ ಫೋನು ಮಾಡಿದೆ. ನನ್ನ ಗಂಡನ ಗೆಳೆಯ, ಇದೇ ಕಸುಬಿನವನು. ಏನೇ ಕೆಟ್ಟರೂ ಮೊದಲು ಬಿಸಿಗಾಳಿಯ ಯಂತ್ರ ಊದುತ್ತಾನೆಂದು ಆ ಹೆಸರು.

“ಅತ್ತಿಗೆ, ಇಷ್ಟಕ್ಕೆಲ್ಲ ತಲೆ ಬಿಸಿ ಮಾಡ್ಕೋಬೇಡಿ. ಕಾರ್ಡಿನ ಮುಖ್ಯ ಚಿಪ್ಪೇ ಹೋಗಿದೆ ಅಂದ್ಬಿಡಿ.”

“ಹೋಗಿಲ್ಲದಿದ್ರೆ?”

“ಅವಳೇನು ಚಿಪ್ಪಿನೊಳಗೆ ಇಳಿದು ನೋಡ್ತಾಳಾ? ನಮ್ಮ ಮೇಜಲ್ಲಿ ಸತ್ತಿದ್ದೆಲ್ಲ ಚಿಪ್ಪು ಹೋಗೇ ಸತ್ತಿದ್ದು. ಕಸುಬಿನ ಗುಟ್ಟು ಇದು, ಎಲ್ಲರೂ ಹೇಳೋದೇ. ಬೇಕಿದ್ರೆ ಕಳಿಸಿಕೊಡಿ, ನಾನೊಂದು ಸಲ ಊದಿಕೊಡ್ತೀನಿ. ಆಗ ನಿಜವಾಗ್ಲೂ ಹೋಗಿರುತ್ತೆ, ನಿಮಗೆ ಸುಳ್ಳು ಹೇಳಿದ ಪಾಪಾನೂ ಇರಲ್ಲ.”

ನಾನು ನಕ್ಕೆ. ಅತ್ತೆ ತಟ್ಟನೆ ತಲೆಯೆತ್ತಿದರು. ನಗುವಿನ ಸದ್ದು ನನಗೂ ಹೊಸದಾಗಿತ್ತು.

“ಅವರು ಹಾಗೆ ಹೇಳ್ತಿದ್ರಾ?” ಎಂದು ಕೇಳಿದೆ.

“ಅವನಿಗೆ ಹೇಳೋ ಪ್ರಮೇಯ ಎಲ್ಲಿ ಬರ್ತಿತ್ತು ಅತ್ತಿಗೆ? ಅವನ ಮೇಜಲ್ಲಿ ಏನೂ ಸಾಯ್ತಿರಲಿಲ್ಲ.”

ಮರುದಿನ ಕಾಲೇಜಿಗೆ ರಜೆ ಹಾಕಿದೆ. ಮಲ್ಟಿಮೀಟರಿನ ಮುಳ್ಳುಗಳನ್ನು ಹಿಡಿದು ಕೂತೆ. ದೊಡ್ಡ ಚಿಪ್ಪಿಗೆ ಕರೆಂಟು ಕೊಡುವ ತಂತಿಸುರುಳಿಗೆ, ಅಂದರೆ ಕಾಯಿಲಿಗೆ, ಮುಳ್ಳು ತಾಗಿಸಿದೆ. ಮೀಟರು ಕೀಂ ಎಂದು ಕಿರುಚಿತು. ಕಿರುಚಿದರೆ ಶಾರ್ಟು. ಅಂದರೆ ಚಿಪ್ಪೇ ಹೋಗಿದೆ. ಮನಸ್ಸಿಗೆ ಒಂದು ಹಗುರ ಬಂತು. ಬಿಸಿಗಾಳಿ ಹೇಳಿದ ಮಾತೇ ನಿಜವಾದರೆ ಯಾರ ಕೈ ಎಂಬ ಪ್ರಶ್ನೆಯೇ ಇಲ್ಲ.

ಆ ಹಗುರವನ್ನು ನಾನು ನಂಬಲಿಲ್ಲ. ನಮ್ಮದೇ ಕಂಪ್ಯೂಟರಿನಿಂದ ಚೆನ್ನಾಗಿ ಓಡುವ ಕಾರ್ಡನ್ನು ಎಳೆದು ಅದೇ ಕಾಯಿಲಿಗೆ ಮುಳ್ಳಿಟ್ಟೆ. ಅದೂ ಕೀಂ ಎಂದಿತು. ದೊಡ್ಡ ಚಿಪ್ಪುಗಳು ಕರೆಂಟಿಗೆ ಒಡ್ಡುವ ರೋಧವೇ ಅಷ್ಟು ಕಡಿಮೆ. ಮೀಟರಿಗೆ ಬದುಕಿದ್ದೂ ಒಂದೇ, ಸತ್ತದ್ದೂ ಒಂದೇ. ಸದ್ದನ್ನು ನಿಲ್ಲಿಸಿ ಅಂಕಿ ನೋಡಿದೆ. ಎರಡೂ ಹೆಚ್ಚುಕಡಿಮೆ ಸಮ. ಚಿಪ್ಪಿಗೆ ಏನೂ ಆಗಿಲ್ಲ.

ಕಾರ್ಡಿಗೆ ಕರೆಂಟು ಕೊಟ್ಟು ಒಂದೊಂದೇ ಕಾಯಿಲನ್ನು ಅಳೆದೆ. ಹನ್ನೆರಡು ವೋಲ್ಟು ಬರುತ್ತಿದೆ. ಐದು ವೋಲ್ಟು ಬರುತ್ತಿದೆ. ಮೂಲೆಯ ಸಣ್ಣ ಕಾಯಿಲು ಸೊನ್ನೆ. ಮತ್ತೆ ಒತ್ತಿ ಹಿಡಿದೆ. ಸೊನ್ನೆ. ಅದಕ್ಕೆ ‘ಎದ್ದೇಳು’ ಎಂದು ಹೇಳುವ ಸಂಕೇತ ಎಲ್ಲೋ ದಾರಿಯಲ್ಲಿ ನಿಂತಿದೆ. ದಾರಿ ಹಲಗೆಯ ಬೆನ್ನಿನ ಕಡೆಗೆ ಹೋಗುತ್ತಿತ್ತು, ತಗಡಿನ ಕೆಳಕ್ಕೆ.

ನಾನು ಹಾಕಿದ ಎರಡು ಸ್ಕ್ರೂಗಳನ್ನು ಮೊದಲು ಬಿಚ್ಚಿದೆ. ಗಿಡ್ಡವೇ. ತೂತುಗಳ ಸುತ್ತ ಒಂದು ಗೀರೂ ಇಲ್ಲ. ಉಳಿದವನ್ನೂ ಬಿಚ್ಚಿದೆ. ತಗಡು ಎತ್ತಿದೆ.

ಸ್ಕ್ರೂಡ್ರೈವರು ಜಾರಿತ್ತು. ಚಿಪ್ಪಿನ ಹಿಂದಿನ ಸ್ಕ್ರೂವಿನಿಂದ ಹೊರಟ ಗೀರು ಓರೆಯಾಗಿ ಓಡಿ, ಸಾಸಿವೆಗಿಂತ ಸಣ್ಣ ರೆಸಿಸ್ಟರು ಇರಬೇಕಾದ ಜಾಗದಲ್ಲಿ ನಿಂತಿತ್ತು. ರೆಸಿಸ್ಟರು ಇರಲಿಲ್ಲ. ಹೊಸಬರು ಮೊದಲ ವಾರ ಮಾಡುವ ತಪ್ಪು ಇದು.

ಅದಲ್ಲ ನಾನು ನೋಡುತ್ತ ಕೂತದ್ದು. ಆ ಜಾಗದಲ್ಲಿ ಬೆಸುಗೆ ಹಾಕಲು ಯಾರೋ ಯತ್ನಿಸಿದ್ದರು. ಒಂದು ಗುಂಡು ಪಕ್ಕಕ್ಕೆ ಬಿದ್ದಿತ್ತು. ಇನ್ನೊಂದು ನೆರೆಯ ಬಿಡಿಭಾಗದ ಕಾಲಿಗೆ ಅಂಟಿತ್ತು. ಮೂರನೆಯದು ಬಾಲ ಎಳೆದುಕೊಂಡು ಹೋಗಿತ್ತು. ಸುತ್ತ ಸುಟ್ಟ ಕಂದು ಕಲೆ. ಬೆಸುಗೆಯ ಕಬ್ಬಿಣ ಅಲ್ಲಿ ತುಂಬ ಹೊತ್ತು ನಿಂತಿದೆ, ಅಲುಗಿದೆ.

ಬೆಸುಗೆ ಕೈಬರಹದ ಹಾಗೆ. ಅವರದ್ದು ದುಂಡಗೆ, ಹೊಳೆಯುತ್ತ, ಎಲೆಯ ಮೇಲಿನ ನೀರಿನ ಹನಿಯಂತೆ ಇರುತ್ತಿತ್ತು. ಇದು ಅವರ ಕೈಬರಹವಾಗಿರಲಿಲ್ಲ. ಆದರೆ ಬೇರೆ ಯಾರೂ ಈ ಮೇಜಿನಲ್ಲಿ ಕೂತಿರಲಿಲ್ಲ.

ಆ ಬೆಳಿಗ್ಗೆ ಅವರು ಎಷ್ಟು ಸಲ ಯತ್ನಿಸಿದರೋ. ಕೈ ಮಾತು ಕೇಳದಿದ್ದಾಗ ಕೈಯನ್ನು ನೋಡಿದರೋ, ಬೈದರೋ. ಆಮೇಲೆ ತಮ್ಮ ಪದ್ಧತಿಯನ್ನೇ ಮುರಿದು ಗಾಯದ ಮೇಲೆ ಅಂಗಿ ತೊಡಿಸಿದ್ದರು. ಕೊನೆಯ ಎರಡು ಸ್ಕ್ರೂ ಆ ಕೈಗೆ ಬಗ್ಗಿರಲಿಲ್ಲ.

“ಸಿಕ್ತಾ?” ಅತ್ತೆ ಬಾಗಿಲಲ್ಲಿ ನಿಂತಿದ್ದರು.

ತಗಡನ್ನು ಮತ್ತೆ ಮೇಲಿಟ್ಟೆ. “ಹುಡುಕ್ತಾ ಇದೀನಿ ಅತ್ತೆ.”

“ಊಟ ಮಾಡಿ ಹುಡುಕು. ಅದೇನು ಓಡಿಹೋಗಲ್ಲ.”

ಊಟಕ್ಕೆ ಕೂತೆ. ಅತ್ತೆ ತಟ್ಟೆಯನ್ನೂ ನನ್ನನ್ನೂ ನೋಡುತ್ತಿದ್ದರು. ಅವರಿಗೆ ಉಳಿದಿರುವುದು ಆ ಒಂದು ಮಾತು, ಒಂದು ದಿನ ತಪ್ಪಿದ್ದಿಲ್ಲ ಎಂಬ ಮಾತು. ಅದನ್ನು ನಾನು ಕಿತ್ತುಕೊಂಡರೆ ಜೊತೆಗೆ ಇನ್ನೊಂದನ್ನು ಕೊಡಬೇಕಾಗುತ್ತದೆ: ಅವರು ಬೆಳ್ಳುಳ್ಳಿ ಸುಲಿಯುತ್ತ ಕೂತ ಹೊತ್ತಿಗೆ, ಗೋಡೆಯ ಆಚೆಗೆ ಮಗನ ಕೈ ಬಿದ್ದುಹೋಗುತ್ತಿತ್ತು ಎಂಬುದನ್ನು.

ಶನಿವಾರ ಬೆಳಿಗ್ಗೆ ಕಬ್ಬಿಣ ಕಾಯಿಸಿದೆ. ರೆಸಿಸ್ಟರು ಕೂರಿಸಬೇಕಾದರೆ ಮೊದಲು ಹಳೆಯ ಬೆಸುಗೆ ತೆಗೆಯಬೇಕು. ತಾಮ್ರದ ಬತ್ತಿಯನ್ನು ಅದರ ಮೇಲಿಟ್ಟು ಕಾಯಿಸಿದರೆ ಬೆಸುಗೆಯನ್ನು ಬತ್ತಿ ಹೀರಿಕೊಳ್ಳುತ್ತದೆ. ಎರಡು ಸಲ ಬತ್ತಿ ಇಟ್ಟು ಎರಡು ಸಲವೂ ತೆಗೆದೆ. ಇದು ಅವರು ಕೊನೆಯದಾಗಿ ಮಾಡಿದ ಕೆಲಸ. ಕೆಟ್ಟದ್ದೇ ಇರಬಹುದು, ಅವರದ್ದು. ಇದನ್ನು ಒರೆಸದೆ ಕಾರ್ಡು ಏಳುವುದಿಲ್ಲ.

ಒತ್ತಿದೆ. ತಾಮ್ರ ಬೆಳ್ಳಗಾಯಿತು. ಕೆಳಗೆ ಹಲಗೆ ಖಾಲಿ.

ಬಿಡಿಭಾಗಕ್ಕೆಂದು ಇಟ್ಟಿದ್ದ ಹಳೆಯ ಕಾರ್ಡಿನಿಂದ ಅದೇ ಅಳತೆಯ ರೆಸಿಸ್ಟರು ಬಿಡಿಸಿದೆ. ಮೊದಲನೆಯದು ಟ್ವೀಜರಿನಿಂದ ಚಿಮ್ಮಿ ಎಲ್ಲಿ ಹೋಯಿತೋ ದೇವರೇ ಬಲ್ಲ. ಎರಡನೆಯದು ಕಬ್ಬಿಣಕ್ಕೇ ಅಂಟಿಕೊಂಡು ಬಂತು. ಇನ್ನೊಂದೇ ಉಳಿದಿತ್ತು. ಸೂಕ್ಷ್ಮದರ್ಶಕದಲ್ಲಿ ನನ್ನ ಕೈ ಅಲುಗುವುದು ಕಾಣುತ್ತಿತ್ತು. ನಡುಗಿದ್ದು ಭಯಕ್ಕೆ, ಬೇರೆ ಯಾವುದಕ್ಕೂ ಅಲ್ಲ ಎಂದು ನನಗೇ ಹೇಳಿಕೊಂಡೆ. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ಉಸಿರು ಹಿಡಿದು ತಾಗಿಸಿದೆ. ಕೂತಿತು. ಬೆಲ್ಲದ ಪಾಕವೇ, ಆದರೆ ಕೂತಿತು.

ಸಣ್ಣ ಕಾಯಿಲಿಗೆ ಮುಳ್ಳಿಟ್ಟೆ. ಒಂದು ಪಾಯಿಂಟ್ ಎಂಟು. ಫ್ಯಾನು ಒಮ್ಮೆ ಜಗ್ಗಿ ನಿಂತಿತು. ಪರದೆ ಕಪ್ಪಗೇ ಇತ್ತು. ಕಪ್ಪು, ಇನ್ನೂ ಕಪ್ಪು. ಕಪ್ಪಿನಲ್ಲಿ ನನ್ನದೇ ಮುಖ. ಆಮೇಲೆ ಫ್ಯಾನು ತಿರುಗಿತು, ಅಕ್ಷರಗಳು ಬಂದವು.

ತಗಡು ಮುಚ್ಚಿದೆ. ಬಿಸಿಗಾಳಿಯ ಮಾತು ಈಗ ನಡೆಯುವುದಿಲ್ಲ. ಚಿಪ್ಪು ಸತ್ತಿದ್ದರೆ ಕಾರ್ಡು ಓಡುತ್ತಿರಲಿಲ್ಲ. ಬೇರೆ ಏನಾದರೂ ಹೇಳಬೇಕು.

ಕಾರ್ಟೂನಿನವಳು ಸಂಜೆ ಬಂದಳು. ತಂದಿದ್ದ ಪೆನ್‌ಡ್ರೈವಿನಿಂದ ಒಂದು ಆನೆಯನ್ನು ಓಡಿಸಿ ನೋಡಿದಳು. ಆನೆ ಹಗ್ಗದಾಟ ಆಡಿತು. ಅವಳ ಭುಜಗಳು ಇಳಿದವು.

“ಅಬ್ಬಾ. ನಾನು ಎಳ್ಳು ನೀರು ಬಿಟ್ಟಿದ್ದೆ ಇದಕ್ಕೆ.” ಮತ್ತೆ ತುಟಿ ಕಚ್ಚಿಕೊಂಡಳು. “ನನ್ನ ನಾಲಿಗೆಗೆ ಬೆಂಕಿ ಹಾಕ. ಏನಾಗಿತ್ತಕ್ಕಾ?”

ಅತ್ತೆ ಬಾಗಿಲ ಬಳಿಯ ತಮ್ಮ ಜಾಗದಲ್ಲಿದ್ದರು. ಇವತ್ತು ಕೈಯಲ್ಲಿ ಏನೂ ಇರಲಿಲ್ಲ.

“ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿದೆ. ಒಂದು ಸಣ್ಣ ಭಾಗ ಕಿತ್ತುಬಂದಿತ್ತು. ತಪ್ಪು ನಮ್ಮದೇ. ಈ ಮೇಜಲ್ಲೇ ಆಗಿದ್ದು.”

“ನಿಮ್ಮ ಕೈಯಲ್ಲಾ?”

ಹೌದು ಎನ್ನಲು ಬಾಯಿ ತೆರೆದೆ. ಸುಲಭದ ಮಾತು, ಒಂದೇ ಶಬ್ದ. ಎಲ್ಲರಿಗೂ ಒಳ್ಳೆಯದು.

“ಅವಳ ಕೈಯಲ್ಲ,” ಎಂದರು ಅತ್ತೆ.

ಇಬ್ಬರೂ ತಿರುಗಿದೆವು.

“ನನ್ನ ಮಗಂದು. ಅವಳನ್ನ ಕೇಳಬೇಡಮ್ಮ, ಅವಳಿಗೆ ಗೊತ್ತಿಲ್ಲ. ಅವತ್ತು ಬೆಳಿಗ್ಗೆ ಅವನಿಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕೂ ಆಗ್ಲಿಲ್ಲ. ಕೈ ಜೋಮು ಹಿಡಿದಿದೆ, ಮಗ್ಗುಲಲ್ಲಿ ಒತ್ತಿ ಮಲಗಿದ್ದೆ ಅಂದ. ನಾನೇ ಹಾಕಿದೆ. ಅವಳಿಗೆ ಹೇಳಬೇಡ, ಕಾಲೇಜು ಬಿಟ್ಟು ಓಡಿಬರ್ತಾಳೆ ಅಂದ. ನಾನು ಹೇಳಲಿಲ್ಲ.”

ಕಾರ್ಟೂನಿನವಳು ಕಾರ್ಡನ್ನು ಎದೆಗೆ ಒತ್ತಿಕೊಂಡು ನಿಂತಳು. “ನಾನು ಹಾಗೆ ಕೇಳಬಾರದಿತ್ತು,” ಎಂದಳು.

“ಕೇಳಬೇಕಿತ್ತು,” ಎಂದೆ.

ಅವಳು ಹೋದ ಮೇಲೆ ನಾವಿಬ್ಬರೂ ಕೋಣೆಯಲ್ಲಿ ಉಳಿದೆವು. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಅತ್ತೆ ನನ್ನ ಮುಖ ನೋಡಲಿಲ್ಲ.

“ಬೈಯಿ,” ಎಂದರು. “ಎಷ್ಟು ಬೇಕಾದ್ರೂ ಬೈಯಿ.”

ಸ್ಟೂಲನ್ನು ಎಳೆದುಕೊಂಡು ಅವರ ಎದುರು ಕೂತೆ.

“ಎಲ್ಲಾ ಗುಂಡೀನೂ ನೀವೇ ಹಾಕಿದ್ರಾ?”

ಅವರು ಯೋಚಿಸಿದರು. ಸುಳ್ಳು ಹೇಳಬಾರದೆಂದು ನಿಧಾನವಾಗಿ ಯೋಚಿಸಿದರು.

“ಇಲ್ಲ. ಕುತ್ತಿಗೆ ಹತ್ರದ್ದು ನಾನೇ ಹಾಕ್ಕೋತೀನಿ ಬಿಡಮ್ಮ ಅಂದ. ತುಂಬಾ ಹೊತ್ತು ಹಿಡೀತು. ಹಾಕ್ಕೊಂಡ.”