ಸಹನಾಳ ಎರಡು ಜಡೆ

ಸಹನಾಳ ಜಾವಳ ತೆಗೆಸುವ ವಿಷಯದಲ್ಲಿ ಎರಡು ಮನೆಗಳು ಮಾತು ಬಿಟ್ಟಿದ್ದವು. ಹುಟ್ಟುಗೂದಲು ಮನೆದೇವರಿಗೆ ಸೇರಬೇಕು, ಮನೆದೇವರು ಸವದತ್ತಿ ಯಲ್ಲಮ್ಮ, ಇದರಲ್ಲಿ ಮಾತಾಡುವುದೇನಿದೆ ಎಂದು ಅಪ್ಪನ ತಾಯಿ ಮಾಲವ್ವನ ವಾದ. ಹೆರಿಗೆಯಲ್ಲಿ ಮಗಳ ಜೀವ ಹೋಗಿ ಬಂದಾಗ ತಾನು ಬೇಡಿಕೊಂಡದ್ದು ಉಳವಿ ಚನ್ನಬಸವಣ್ಣನನ್ನು, ಆಗ ಯಲ್ಲಮ್ಮ ಎಲ್ಲಿದ್ದಳು ಎಂದು ಹಳಿಯಾಳದ ಬೀಗತಿ ಶಿವಗಂಗವ್ವನ ವಾದ. ಈ ಕೊನೆಯ ಮಾತು ಮಾಲವ್ವನಿಗೆ ನಾಟಿತು. ಹೀಗಾಗಿ ಯಾವ ದೇವರಿಗೂ ಕೂದಲು ಸಿಗಲಿಲ್ಲ. ಹುಡುಗಿ ಒಂದನೇ ಇಯತ್ತೆಗೆ ಹೋಗುವ ಹೊತ್ತಿಗೆ ಸೊಂಟ ಮುಟ್ಟುವ ಎರಡು ಜಡೆಗಳಾಗಿದ್ದವು. ದಾಂಡೇಲಿಯ ಆ ಓಣಿಯಲ್ಲಿ ಅಂಥ ಜಡೆ ಇನ್ನೊಬ್ಬರಿಗಿರಲಿಲ್ಲ. ಜಗಳದಿಂದ ಆದ ಲಾಭ ಅದೊಂದೇ.

ಆಮೇಲೆ ಹುಡುಗಿಗೆ ಜ್ವರ ಬಂದು ಹೋಗಿ ಮಾಡತೊಡಗಿತು. ಮೈಮೇಲೆ ನೀಲಿ ಕಲೆ ಎದ್ದವು. ಹುಬ್ಬಳ್ಳಿಯ ದವಾಖಾನೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಕಾಗದದ ಮಿಲ್ಲಿನಲ್ಲಿ ದುಡಿಯುವ ಅಪ್ಪ ಮಲಕಪ್ಪ, "ರಕ್ತಕ್ಕೂ ಬರ್ತೈತೇನ್ರಿ?" ಎಂದು ಕೇಳಿದ. ಮಕ್ಕಳಲ್ಲಿ ಇದು ಬಹಳಷ್ಟು ಸಲ ವಾಸಿಯಾಗುತ್ತದೆ, ಆದರೆ ಔಷಧಿ ವರ್ಷಗಟ್ಟಲೆ ನಡೆಯಬೇಕು ಎಂದರು ಡಾಕ್ಟರು. ಕೂದಲು ಉದುರುತ್ತದೆ, ಮೊದಲೇ ಕತ್ತರಿಸಿಬಿಡಿ ಎಂದೂ ಹೇಳಿದರು.

ಶಿವಗಂಗವ್ವ ಹಳಿಯಾಳದಿಂದ ಬಂದಳು. ಇಬ್ಬರು ಅಜ್ಜಿಯರು ಮಂಚದ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ತಾಯಿ ಮಧುಮತಿ ಕತ್ತರಿ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದಳು. ಇಂಥ ಹೊತ್ತಿನಲ್ಲೂ ಪ್ರಶ್ನೆ ಅದೇ ಇತ್ತು, ಯಾವ ದೇವರಿಗೆ ಎಂದು. ಬಗೆಹರಿಸಿದವಳು ಸಹನಾ. ಮಾಲವ್ವನತ್ತ ತಿರುಗಿದಳು.

"ಎರಡು ಜಡಿ ಅದಾವಲ್ಲಬೇ. ನಿನಗೊಂದು, ಆ ಅಜ್ಜಿಗೊಂದು."

ಇಷ್ಟು ವರ್ಷ ಹಿರಿಯರ ತಲೆಗೆ ಇದು ಹೊಳೆದಿರಲಿಲ್ಲ. ಒಂದೊಂದು ಜಡೆಯನ್ನು ಅರಿಷಿಣ ಹಚ್ಚಿದ ಬಟ್ಟೆಯಲ್ಲಿ ಕಟ್ಟಿಕೊಂಡರು. ತಿಂಗಳೊಳಗೆ ಎರಡೂ ಕಡೆಯಿಂದ ಸುದ್ದಿ ಬಂತು. ಮಾಲವ್ವ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಶಿವಗಂಗವ್ವ ತಾನೇ ಬಸ್ಸು ಹತ್ತಿ ಉಳವಿಗೆ ಮುಟ್ಟಿಸಿ ಬಂದಿದ್ದಳು. ಮುಂದಿನ ತಪಾಸಣೆಯಲ್ಲಿ ರಕ್ತ ಸುಧಾರಿಸಿದೆ ಎಂದಾಗ ಮನೆಯವರು ಯಲ್ಲಮ್ಮನಿಗೆ, ಚನ್ನಬಸವಣ್ಣನಿಗೆ, ಡಾಕ್ಟರಿಗೆ, ಇದೇ ಕ್ರಮದಲ್ಲಿ ಕೈಮುಗಿದರು.

ಮಾಲವ್ವ ಹೇಳಿದ್ದು ಸುಳ್ಳು. ಗುಡ್ಡಕ್ಕೆ ಹೊರಟವರ ಬಾಗಿಲ ತನಕ ಹೋಗಿದ್ದಳು, ಚಹಾ ಕುಡಿದು ಗಂಟಿನ ಸಮೇತ ತಿರುಗಿ ಬಂದಿದ್ದಳು. ಜಡೆ ಅವಳ ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೆ ಇತ್ತು. ಹುಡುಗಿ ಉಳಿದರೆ ದೇವರಿಗೆ ಕೊಟ್ಟರಾಯಿತು. ಉಳಿಯದಿದ್ದರೆ ತನಗೆ ಅಂತ ಏನಾದರೂ ಬೇಡವೇ? ಈ ವಿಚಾರ ಬಂದಾಗಲೆಲ್ಲ ಅವಳು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು. ಆದರೆ ಟ್ರಂಕಿನ ಬೀಗ ಮಾತ್ರ ತೆಗೆಯುತ್ತಿರಲಿಲ್ಲ. ದೇವರಿಗೆ ಸುಳ್ಳು ಹೇಳುವುದಕ್ಕೂ ನಂಬಿಕೆ ಬೇಕು. ನಂಬದವರಿಗೆ ಆ ತೊಂದರೆಯೇ ಇಲ್ಲ.

ಔಷಧಿಯ ಒಂದು ಸುತ್ತು ಮುಗಿಸಿ ಹುಡುಗಿ ಮನೆಗೆ ಬಂದಾಗ ಶಿವಗಂಗವ್ವನೂ ದಾಂಡೇಲಿಗೆ ಬಂದು ಉಳಿದಳು. ಮಂದಿಯನ್ನು ಹತ್ತಿರ ಬಿಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಬಾಗಿಲು ಕಾಯುವ ಕೆಲಸ ಅವಳದಾಯಿತು. ಅದಕ್ಕೆ ಅವಳು ಹುಟ್ಟಿಬಂದಂತಿದ್ದಳು. ಬಾಳೆಹಣ್ಣು ತಂದವರು ಬಾಳೆಹಣ್ಣು ಕೊಟ್ಟು ಅಂಗಳದಿಂದಲೇ ಹೋಗುತ್ತಿದ್ದರು.

ಆದರೂ ಜ್ವರ ಬಂತು. ಜ್ವರ ಬಂದರೆ ಗುಳಿಗೆ ನುಂಗಿಸುತ್ತ ಕೂಡಬೇಡಿ, ಕೂಡಲೇ ಬನ್ನಿ ಎಂದು ಹೇಳಿ ಕಳಿಸಿದ್ದರು. ಪಕ್ಕದ ಮನೆಯ ಮೆಕ್ಯಾನಿಕ್ ಗನಿಸಾಬ ರಿಪೇರಿಗೆ ಬಂದ ಗಿರಾಕಿಯೊಬ್ಬರ ವ್ಯಾನನ್ನೇ ಹೊರಗೆ ತೆಗೆದ. ಮಲಕಪ್ಪ, ಮಧುಮತಿ ಹುಡುಗಿಯನ್ನು ಎತ್ತಿಕೊಂಡು ಹತ್ತಿದರು. ಮಧ್ಯಾಹ್ನ ಮಲಕಪ್ಪನ ಫೋನು ಬಂತು.

"ಬಿಳಿ ರಕ್ತಕಣ ಪೂರಾ ಇಳದಾವಂತಬೇ. ಸಲಾಯಿನ್ ಹಚ್ಯಾರ. ಇನ್ನೆರಡು ದಿನ ಏನೂ ಹೇಳಾಕ ಬರೂದಿಲ್ಲ ಅಂತಾರ."

ಮಾಲವ್ವ ಫೋನು ಇಟ್ಟು ಒಳಗೆ ಹೋದಳು. ತಪ್ಪು ಯಾರದು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಟ್ರಂಕು ತೆಗೆದಳು, ಸೀರೆ ಸರಿಸಿದಳು, ಗಂಟು ತೆಗೆದುಕೊಂಡು ತಿರುಗಿದಳು. ಮೂಲೆಯಲ್ಲಿ ಶಿವಗಂಗವ್ವ ತನ್ನ ಚೀಲದೊಳಗೆ ಮೊಣಕೈತನಕ ಕೈಹಾಕಿ ಕುಳಿತಿದ್ದಳು. ಹೊರಬಂದ ಕೈಯಲ್ಲಿ ಅಂಥದೇ ಅರಿಷಿಣದ ಬಟ್ಟೆ ಇತ್ತು.

ಇಬ್ಬರೂ ಪರಸ್ಪರರ ಕೈ ನೋಡಿದರು.

"ಉಳವಿಗೆ ಮುಟ್ಟಿಸಿ ಬಂದೆ ಅಂದಿದ್ರಲ್ರಿ ಬೀಗರ."

"ನೀವೂ ಸವದತ್ತಿಗೆ ಕಳಿಸೇನಿ ಅಂದಿದ್ರಿ."

"ಹೂಂ."

"ನಾನೂ ಹಂಗ."

ಯಾಕೆ ಇಟ್ಟುಕೊಂಡಿರಿ ಎಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು, ಮತ್ತು ಅದು ಆ ಮನೆಯಲ್ಲಿ ಬಾಯಿಬಿಟ್ಟು ಆಡುವ ಮಾತಾಗಿರಲಿಲ್ಲ. ಮಾಲವ್ವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಈ ಭಯವನ್ನು ಇಷ್ಟು ದಿನ ತಾನೊಬ್ಬಳೇ ಹೊತ್ತಿರಲಿಲ್ಲ ಎಂಬ ಸಮಾಧಾನವೂ ಆಯಿತು.

"ಗುಡ್ಡಾ ದೂರ ಆತು, ಉಳವೀನೂ ದೂರ ಆತು," ಎಂದಳು ಶಿವಗಂಗವ್ವ. "ಇಲ್ಲೇ ಮೌಳಂಗಿ ಹೊಳ್ಯಾಗ ಬಿಡೂಣು ನಡೀರಿ."

ರಿಕ್ಷಾ ಹಿಡಿದು ಹೋದರು. ಹೊಳೆಯಲ್ಲಿ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಪ್ರವಾಸಿಗರು ರಬ್ಬರ್ ದೋಣಿಯಲ್ಲಿ ಕಿರುಚುತ್ತ ಹೋಗುತ್ತಿದ್ದರು. ಒಬ್ಬ ಇವರತ್ತ ಕೈಬೀಸಿದ. ಏನು ಮಾಡಬೇಕೆಂದು ತಿಳಿಯದೆ ಶಿವಗಂಗವ್ವನೂ ಕೈಬೀಸಿದಳು. ದೋಣಿ ತಿರುವಿನಲ್ಲಿ ಮರೆಯಾದ ಮೇಲೆ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚಿದಳು. ಅವಳ ಜಡೆ ನೀರಿಗೆ ಬಿತ್ತು, ಒಮ್ಮೆ ತಿರುಗಿತು, ಹೋಯಿತು.

ಮಾಲವ್ವನ ಮುಷ್ಟಿ ಬಿಚ್ಚಲೊಲ್ಲದು. ಕೊಬ್ಬರಿಎಣ್ಣೆಯ ವಾಸನೆ ಇನ್ನೂ ಇತ್ತು. ಸಾಲೆಗೆ ಹೋಗುವ ಮುಂಚೆ ಈ ಜಡೆ ಹಾಕುತ್ತಿದ್ದವಳು ಅವಳೇ. ಬಿಗಿಯಾಯಿತು ಎಂದು ಹುಡುಗಿ ದಿನಾ ಅಳುತ್ತಿತ್ತು, ಇವಳು ದಿನಾ ಬೈಯುತ್ತಿದ್ದಳು. ಶಿವಗಂಗವ್ವ ಬಂದು ಪಕ್ಕದಲ್ಲಿ ಕುಳಿತಳು. ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಮಾಲವ್ವ ಮುಷ್ಟಿಯ ಸಮೇತ ಕೈಯನ್ನು ನೀರಲ್ಲಿ ಅದ್ದಿದಳು. ಒಂದೊಂದೇ ಬೆರಳು ಬಿಟ್ಟಳು. ಕೈ ಹೊರಗೆ ತೆಗೆದಾಗ ಅದರಲ್ಲಿ ಏನೂ ಇರಲಿಲ್ಲ.

"ಇನ್ನ ಹುಡುಗೀನ ಬರಬೇಕು," ಎಂದಳು. "ನಮ್ಮ ಕಡೆ ಬ್ಯಾರೆ ಏನೂ ಉಳಿದಿಲ್ಲ."

ಯಾವ ದೇವರಿಗೆ ಹೇಳಿದಿರಿ ಎಂದು ಶಿವಗಂಗವ್ವ ಕೇಳಲಿಲ್ಲ.